ಬುಡಕ್ಕೊಂದು ಚಮಚ

ಚೀಲಕ್ಕೆ ಮಣ್ಣು ತುಂಬುವ ಮೊದಲು
ಒಂದು ಗಳಿಗೆ ಕೂತುಕೋ ಮಗಾ.
ಕಾಫಿ ಇದೆ. ನಳದ ನೀರು, ಹೆದರಬೇಡ,
ತೊರೆಯದ್ದಲ್ಲ.

ನೀನು ತೋಡುವ ಜಾಗ ನನಗೆ ಗೊತ್ತು.
ಅಲ್ಲಿ ಕೆಸು ಇತ್ತು, ಅದರಾಚೆ ಹೆಗ್ಗೆಣಸು,
ಅದಕ್ಕೂ ಮುಂಚೆ, ಧಣಿಯ ಬೇಲಿ ಇಲ್ಲಿಯವರೆಗೂ ಇದ್ದಾಗ,
ಬಾಳೆ, ಬಾಳೆ, ಬರೀ ಬಾಳೆ,
ಬೆಂಕಿಬೆಟ್ಟದ ಮಗ್ಗುಲಿಂದ ಕಡಲ ತುಟಿಯವರೆಗೆ.

ನನಗೆ ಹತ್ತೊಂಬತ್ತು.
ಮೇಸ್ತ್ರಿ ಅಲ್ಸಿದ್ ಬಕೆಟ್ ಕೊಟ್ಟ, ಒಂದು ಚಮಚ ಕೊಟ್ಟ.
ಸಾರಿನ ಸೌಟಲ್ಲ, ಮಕ್ಕಳಿಗೆ ಗಂಜಿ ತಿನ್ನಿಸುತ್ತೇವಲ್ಲ, ಅಂಥದು.
‘ಬುಡಕ್ಕೊಂದು ಚಮಚ, ಲಿಯೊಂಸಿ, ಜಾಸ್ತಿ ಬೇಡ,
ದುಬಾರಿ ಪುಡಿ.’
ಗೆಡ್ಡೆ ಕೊರೆಯುವ ಮೂತಿಹುಳಕ್ಕೆ ಮದ್ದು.
ಮದ್ದು ಅಂದರು. ನಂಜು ಅನ್ನಲಿಲ್ಲ.

ದಿನಕ್ಕೆ ಎಂಟುನೂರು ಬುಡ.
ಬಗ್ಗು, ಸುರಿ, ಏಳು,
ಬಗ್ಗು, ಸುರಿ.
ಗಾಳಿ ಎದುರಾದರೆ ಹುಬ್ಬು ಬೆಳ್ಳಗೆ, ಕೂದಲು ಬೆಳ್ಳಗೆ,
ನಕ್ಕರೆ ಮುದುಕಿಯರ ಹಾಗೆ ಕಾಣುತ್ತಿದ್ದೆವು
ನಾನು, ಫಿಲೊಮೆನ್, ಆ ಕುಂಟು ಎರ್ಮಾನ್ಸ್.
ಮೂವರಲ್ಲಿ ಮುದುಕಿಯಾದದ್ದು ನಾನೊಬ್ಬಳೇ.

ಕೈಗವಸು ಬೇಕೆಂದು ಮುಷ್ಕರ ಕೂತ ವರ್ಷ
ಕೈಗವಸು ಬರಲಿಲ್ಲ, ಪೊಲೀಸರು ಬಂದರು.
ಅವರ ಕೈಗೆಲ್ಲ ಗವಸಿತ್ತು.

ಮೊದಲು ಏಡಿಗಳು ಅಂಗಾತ ಬಿದ್ದವು.
ಆಮೇಲೆ ಇಲಿ, ಇಲಿಯ ಹಿಂದೆ ಅದನ್ನು ತಿಂದ ಬೆಕ್ಕು.
‘ನೋಡಿದಿರಾ, ಮಾಲು ಅಂದರೆ ಮಾಲು’ ಅಂದ ಅಲ್ಸಿದ್.

ಹಣ್ಣು ಮಾತ್ರ ಶುಚಿ. ಅಳೆದು ಹೇಳಿದವರು ನಿಮ್ಮವರೇ.
ನಂಜು ಬೇರಿನಲ್ಲೇ ನಿಂತಿತಂತೆ,
ಗೊನೆಯವರೆಗೆ ಏರಲಿಲ್ಲವಂತೆ.
ನೀಲಿ ಅಂಗಿ ತೊಟ್ಟು, ಪೆಟ್ಟಿಗೆಯಲ್ಲಿ ಮೆತ್ತಗೆ ಮಲಗಿ
ಹಡಗು ಹತ್ತಿ ಹೋಯಿತು ಪ್ಯಾರಿಸಿನ ಮಕ್ಕಳ ಬಾಯಿಗೆ.
ಹಳದಿಯೆಲ್ಲ ಅಲ್ಲಿಗೆ,
ಬಿಳಿಯೆಲ್ಲ ಇಲ್ಲಿಗೆ.
ಬಹಳ ಮರ್ಯಾದೆಯ ಗಿಡ ಮಗಾ, ಬಾಳೆ.

ಅಲ್ಲಿ ಮಾರಬಾರದು ಎಂದ ಮೇಲೂ
ಇಲ್ಲಿ ಮೂರು ವರ್ಷ ಚಮಚ ನಿಲ್ಲಲಿಲ್ಲ.
ಗೋದಾಮಿನಲ್ಲಿ ಮೂಟೆ ಉಳಿದಿತ್ತು.
ಉಳಿದದ್ದನ್ನು ಎಸೆಯಬಾರದಲ್ಲ.

ಈಗ ನನ್ನ ಕೋಳಿಗೆ ಸಿಮೆಂಟಿನ ನೆಲ.
ಕೆದರುತ್ತದೆ ಪಾಪ,
ಹುಳ ಸಿಕ್ಕಿದ ಹಾಗೆ ಕತ್ತು ಕೊಂಕಿಸಿ ನೋಡುತ್ತದೆ,
ಮತ್ತೆ ಕೆದರುತ್ತದೆ.
ಮಾವು ತಿನ್ನಬಹುದಂತೆ, ದಿವಿಹಲಸು ತಿನ್ನಬಹುದಂತೆ.
ಮೇಲಕ್ಕೆ ಹೋದದ್ದು ನನ್ನದು,
ಕೆಳಕ್ಕೆ ಇಳಿದದ್ದು ಪುಡಿಯದು.

ಸಿದುವಾನ್‌ಗೆ ಕೆಳಹೊಟ್ಟೆಯಲ್ಲಿ ಗಂಟು.
ಡಾಕ್ಟರು ವಯಸ್ಸಾಯಿತಲ್ಲ ಅಂದರು.
ಐವತ್ಮೂರು ಅವನಿಗೆ.
ರಕ್ತದಲ್ಲಿ ಎಷ್ಟಿತ್ತೆಂಬ ಚೀಟಿ
ಅವನು ಹೋದ ಎರಡು ತಿಂಗಳಿಗೆ ಅಂಚೆಯಲ್ಲಿ ಬಂತು, ಅವನ ಹೆಸರಿಗೇ.
ಸಹಿ ಹಾಕಿ ತೆಗೆದುಕೊಂಡೆ.

ನಿನಗಿಂತ ಮುಂಚೆ ಒಬ್ಬ ಹುಡುಗಿ ಬಂದಿದ್ದಳು.
ಎಷ್ಟು ದಿನ ಇರುತ್ತದೆ ಮಗಳೇ, ಅಂದೆ.
ಪೆನ್ನು ಕಚ್ಚಿಕೊಂಡು ಹೇಳಿದಳು:
‘ನಿಮ್ಮ ಮಣ್ಣು ಬಿಗಿಹಿಡಿಯುವ ಜಾತಿ, ಅಮ್ಮಾ.
ಆರುನೂರು ವರ್ಷ ಆದರೂ ಆಗಬಹುದು.’

ರಾತ್ರಿ ನಿದ್ದೆ ಬಾರದೆ ಹಿಂದಕ್ಕೆ ಎಣಿಸಿದೆ.
ಆರುನೂರು ವರ್ಷದ ಹಿಂದೆ ಈ ಮಾರ್ತಿನೀಕಿಗೆ
ಹಾಯಿಹಡಗು ಬಂದಿಲ್ಲ,
ಕಬ್ಬು ಬಂದಿಲ್ಲ, ಬಾಳೆ ಬಂದಿಲ್ಲ,
ಸಂಕೋಲೆಯಲ್ಲಿ ನನ್ನ ಮುತ್ತಜ್ಜಿಯ ಮುತ್ತಜ್ಜಿ
ಇನ್ನೂ ಬಂದಿಲ್ಲ.
ಅಷ್ಟೇ ದೂರ ಮುಂದಕ್ಕೆ ನಡೆಯುತ್ತದೆ
ನನ್ನ ಒಂದು ಚಮಚ.

ಸಕ್ಕರೆ ನೀನೇ ಹಾಕಿಕೋ.
ಅದಲ್ಲ, ಅದಲ್ಲ! ಮೊಳೆಗೆ ನೇತುಹಾಕಿದ್ದನ್ನು ಮುಟ್ಟಬೇಡ.
ಅದರ ಅಂಚು ಒಂದೇ ಕಡೆ ಸವೆದಿದೆ ನೋಡು,
ನಾನು ಎಡಚಿ.

ಕಾಫಿ ಆಯಿತೇ?
ಹೋಗು, ತೋಡು. ಇನ್ನೂ ಒಂದು ಗೇಣು ಆಳಕ್ಕೆ.
ಸಿಕ್ಕೇ ಸಿಗುತ್ತದೆ.
ಕಳ್ಳಗೆಲಸ ಮಾಡಿದವಳಲ್ಲ ನಾನು,
ಒಂದು ಬುಡವನ್ನೂ ತಪ್ಪಿಸಲಿಲ್ಲ.